ರ‍್ಯಾಪ್‌ನಲ್ಲಿ ಕೇಳುವಂಥದ್ದು ಏನಿದೆ? ಮೊಮ್ಮಗನ ಜೊತೆ ಜಗಳ ಆಡುವ ಮುಂಚೆ ತಿಳ್ಕೊಳ್ಳೋಣ ಅಂತ

ನಿವೃತ್ತ ಮೇಷ್ಟ್ರು:

ನಮಸ್ಕಾರ. ನಾನು ಹಾಸನ ಜಿಲ್ಲೆಯವನು. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವನು. ಈಗ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗನಿಗೆ 14 ವರ್ಷ. ಒಳ್ಳೆಯ ಹುಡುಗ, ತಾತ ಅಂದರೆ ಪ್ರಾಣ. ಆದರೆ ಮೂರು ಹೊತ್ತೂ ಕಿವಿಯಲ್ಲಿ ರ‍್ಯಾಪ್.

ಶನಿವಾರ ತರಕಾರಿಗೆ ಅಂತ ಕಾರಿನಲ್ಲಿ ಹೋಗುತ್ತೇವೆ. ಹಾಡು ಹಾಕುವ ಅಧಿಕಾರ ಅವನದು. "ತಾತ ಇದ್ದಾರೆ, ಕ್ಲೀನ್ ವರ್ಷನ್ ಹಾಕು" ಅನ್ನುತ್ತಾಳೆ ಮಗಳು. ಕ್ಲೀನ್ ಅಂದರೆ ಬೈಗುಳ ಬಂದ ಕಡೆಯೆಲ್ಲ ಸದ್ದು ಕಟ್ ಆಗುತ್ತದೆ. ಮೊನ್ನೆ ಒಂದೇ ಹಾಡಿನಲ್ಲಿ ಎಷ್ಟು ಸಲ ಕಟ್ ಆಯಿತು ಅಂದರೆ, ನನಗೆ ನಮ್ಮೂರಿನ ಕರೆಂಟು ನೆನಪಾಯಿತು.

ತಡೆಯಲಾರದೆ ಹೇಳಿಬಿಟ್ಟೆ. "ಇದು ಸಂಗೀತ ಅಲ್ಲ ಮರಿ, ಮಾತು. ರಾಗ ಇಲ್ಲ, ಆಲಾಪ ಇಲ್ಲ. ಒಬ್ಬ ಸಿಟ್ಟಿನಲ್ಲಿ ಮಾತಾಡುತ್ತಿದ್ದಾನೆ, ಹಿಂದೆ ಯಾರೋ ಡಬ್ಬ ಬಡಿಯುತ್ತಿದ್ದಾರೆ." ಅವನು ಸಿಟ್ಟಾಗಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ತಾತ, ನೀವು ಇನ್ನೂ ಕೇಳಿಲ್ಲ" ಅಂದ. ಈ ಮಾತನ್ನು ನಾನೇ ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಓದಿದೆ ಅಂತೀಯ, ಪದ್ಯ ಕಿವಿಗೆ ಬಿದ್ದಿಲ್ಲ ನಿನಗೆ, ಅಂತ. ನಂದೇ ಬೆತ್ತ ನನಗೇ ಬಿತ್ತು.

ಇನ್ನೊಂದು ವಿಷಯ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಹುಡುಗನಿಗೆ ನಾಲ್ಕು ಸಾಲಿನ ಕನ್ನಡ ಪದ್ಯ ಹೇಳಿಸಬೇಕಾದರೆ ನಾನು ಸುಸ್ತು. ಅದೇ ಹುಡುಗ ಊಟದ ಮೇಜಿನ ಮೇಲೆ ಬೆರಳು ಕುಟ್ಟುತ್ತಾ ಐದು ನಿಮಿಷದ ರ‍್ಯಾಪನ್ನು ಉಸಿರು ತಪ್ಪದೆ ಒಪ್ಪಿಸುತ್ತಾನೆ. ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸುತ್ತಾನೆ. ಬೆರಳು ಒಂದು ಕಡೆ ಬಿದ್ದರೆ ಮಾತು ಇನ್ನೊಂದು ಕಡೆ ಬೀಳುತ್ತದೆ. ಕೊನೆಗೆ ಎರಡೂ ಒಟ್ಟಿಗೆ ಬಂದು ಸೇರುತ್ತವೆ. ಅಲ್ಲಿ ಏನೋ ಲೆಕ್ಕ ಇದೆ ಅನ್ನಿಸುತ್ತದೆ. ನನಗೆ ಸಿಗುತ್ತಿಲ್ಲ.

ಹಿಂದೆ ಬರುವ ವಾದ್ಯವೂ ಯಾವುದೋ ಹಳೇ ಹಾಡಿನಿಂದ ಎತ್ತಿದ್ದಂತೆ, ಅವನೇ ಹೇಳಿದ. ಹಾಗಾದರೆ ಇವರದು ಅಂತ ಏನಿದೆ? ಇನ್ನು ಆ ಜಂಬ. ನನ್ನಂಥವನಿಲ್ಲ, ನಾನೇ ರಾಜ, ನನ್ನ ಹತ್ತಿರ ಇಷ್ಟು ದುಡ್ಡು. ಅದನ್ನು ಹೇಗೆ ಸಹಿಸುವುದು?

ಬೈಯುವುದಕ್ಕೆ ಕೇಳುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ದೋಸೆ ಪ್ರಿಯ:

ಮೇಷ್ಟ್ರೇ, ನಿಮಗೆ ಅನ್ನಿಸಿದ್ದೇ ಸರಿ. ಅದು ಮಾತೂ ಅಲ್ಲ, ಹಾಡೂ ಅಲ್ಲ. ಹೆಡ್‌ಫೋನ್ ಕಿತ್ತಿಡಿ, ದಿನಕ್ಕೆರಡು ಕಗ್ಗ ಬಾಯಿಪಾಠ ಮಾಡಿಸಿ. ತಿಂಗಳಲ್ಲಿ ಸರಿಹೋಗ್ತಾನೆ.

ನಮ್ಮನೆ ರೇಡಿಯೋ:

@ದೋಸೆ ಪ್ರಿಯ, 2018ರಲ್ಲಿ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ಆಲ್ಬಂಗೆ ಸಂಗೀತ ವಿಭಾಗದ ಪುಲಿಟ್ಜರ್ ಬಂದಿದೆ. ಅಲ್ಲಿವರೆಗೆ ಶಾಸ್ತ್ರೀಯ ಸಂಗೀತ ಅಥವಾ ಜಾಝ್ ಬಿಟ್ಟು ಬೇರೆ ಯಾವುದಕ್ಕೂ ಆ ಬಹುಮಾನ ಕೊಟ್ಟಿರಲಿಲ್ಲ. ಕೊಟ್ಟವರಿಗೆ ಕಿವಿ ಇರಲಿಲ್ವಾ?

ಕೇಬಲ್ ಸುತ್ತುವವ:

ಬಹುಮಾನದ ಮಾತು ಬಿಡಿ ಮೇಷ್ಟ್ರೇ. ಶೀಲ್ಡು ತೋರಿಸಿ ಯಾರಿಗೂ ಹಾಡು ಕೇಳಿಸೋಕೆ ಆಗುವುದಿಲ್ಲ. ನೀವು ಬೆರಳು ಒಂದು ಕಡೆ, ಮಾತು ಒಂದು ಕಡೆ ಅಂದ್ರಲ್ಲ, ಅಲ್ಲೇ ಇದೆ ಎಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಾನು ಗದಗ ಜಿಲ್ಲೆಯವನು, ರೋಣದ ಕಡೆ. ನಮ್ಮ ಸೋದರಮಾವನದು ಮೈಕ್‌ಸೆಟ್ ಅಂಗಡಿ. ಮದುವೆ, ಜಾತ್ರೆ, ಭಜನೆ, ಎಲೆಕ್ಷನ್, ಎಲ್ಲದಕ್ಕೂ ನಮ್ಮವೇ ಹಾರ್ನು. ಏಳನೇ ಕ್ಲಾಸಿನಿಂದ ಕೇಬಲ್ ಸುತ್ತುತ್ತಿದ್ದೇನೆ. ಈಗ ಬೆಂಗಳೂರಿನಲ್ಲಿ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಈಗಲೂ ಕೊನೆಗೆ ಕೇಬಲ್ ಸುತ್ತುವವನು ನಾನೇ. ಹುಡುಗರು ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳುತ್ತದೆ.

ನಮ್ಮ ಕಡೆ ಜಾತ್ರೆಯಲ್ಲಿ ರಾತ್ರಿಯಿಡೀ ಗೀಗಿ ಪದ ಇರುತ್ತಿತ್ತು. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡಬೇಕು. ಕೈಯಲ್ಲಿ ಡಪ್ಪು, ತುಂತುಣಿ. ಸವಾಲು ಬಿದ್ದರೆ ನಿಂತ ಕಾಲಲ್ಲೇ ಜವಾಬು ಕಟ್ಟಬೇಕು. ತಡವರಿಸಿದರೆ ಮುಂದೆ ಕೂತ ಅಜ್ಜಿಯರೇ ಮೊದಲು ನಗುತ್ತಿದ್ದರು. ಎಷ್ಟೋ ವರ್ಷ ಆದ ಮೇಲೆ ಫೋನಿನಲ್ಲಿ ಅಮೆರಿಕದ ಒಂದು ರ‍್ಯಾಪ್ ಬ್ಯಾಟಲ್ ನೋಡಿದೆ. ಒಂದಕ್ಷರ ಅರ್ಥ ಆಗಲಿಲ್ಲ. ಆದರೆ ಯಾರು ಸೋತರು ಅಂತ ಗೊತ್ತಾಯಿತು, ಸುತ್ತ ನಿಂತವರ ಮುಖ ನೋಡಿಯೇ. (ಇಲ್ಲಿಂದ ಅಲ್ಲಿಗೆ ಹೋಗಿದ್ದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ನಂಬಲೂಬೇಡಿ.)

ಅಲ್ಲಿ ಶುರುವಾಗಿದ್ದು ಬೇರೆ ಥರ. ಆ ಕಥೆ ನನಗೆ ಇಷ್ಟ, ಯಾಕಂದರೆ ಅದು ಮೈಕ್‌ಸೆಟ್ಟಿನ ಕಥೆ. ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂ, ಮನೆ ನಂಬರ್ 1520. 1973ರ ಆಗಸ್ಟ್ 11. ಸಿಂಡಿ ಕ್ಯಾಂಪ್‌ಬೆಲ್ ಅಂತ ಒಬ್ಬ ಹುಡುಗಿ. ಸ್ಕೂಲು ಶುರುವಾಗುವ ಹೊತ್ತಿಗೆ ಹೊಸ ಬಟ್ಟೆ ಬೇಕು, ದುಡ್ಡು ಬೇಕು. ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಹಾಡು ಹಾಕಲು ಅಣ್ಣ ಕ್ಲೈವ್, ಜಮೈಕಾದ ಕಿಂಗ್‌ಸ್ಟನ್ನಿನಿಂದ ಬಂದವನು. ಅಲ್ಲಿ ಬೀದಿಯಲ್ಲಿ ಆಳೆತ್ತರದ ಸ್ಪೀಕರ್ ನಿಲ್ಲಿಸಿ ಕುಣಿಸುವುದು ರೂಢಿ. ಜನ ಅವನನ್ನು ಕರೆಯುತ್ತಿದ್ದದ್ದು ಡಿಜೆ ಕೂಲ್ ಹರ್ಕ್ ಅಂತ.

ಹರ್ಕ್ ಒಂದು ವಿಷಯ ಗಮನಿಸಿದ್ದ. ಕುಣಿಯುವವರು ಇಡೀ ಹಾಡಿಗೆ ಕುಣಿಯುವುದಿಲ್ಲ, ಒಂದು ಜಾಗಕ್ಕೆ ಕಾಯುತ್ತಾರೆ. ಹಾಡುಗಾರ ಬಾಯಿ ಮುಚ್ಚಿ, ಉಳಿದ ವಾದ್ಯ ನಿಂತು, ಬರೀ ಡ್ರಮ್ಮು ಉಳಿಯುವ ಜಾಗ. ಅದಕ್ಕೆ ಬ್ರೇಕ್ ಅನ್ನುತ್ತಾರೆ. ಇರುವುದೇ ಕೆಲವು ಸೆಕೆಂಡು. ಅವನು ಏನು ಮಾಡಿದ ಅಂದರೆ, ಒಂದೇ ರೆಕಾರ್ಡಿನ ಎರಡು ಪ್ರತಿ ತಂದು ಎರಡು ಪ್ಲೇಯರಿಗೆ ಹಾಕಿದ. ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದೇ ಬ್ರೇಕ್ ಶುರು. ಅದು ಓಡುತ್ತಿರುವಾಗ ಮೊದಲನೆಯದನ್ನು ಹಿಂದಕ್ಕೆ ತರುವುದು. ಹೀಗೆ ಕೆಲವು ಸೆಕೆಂಡಿನ ಡ್ರಮ್ಮು ನಿಮಿಷಗಟ್ಟಲೆ ಓಡಿತು.

ಕೇಳಲು ಸುಲಭ. ಮಾಡಿ ನೋಡಿ. ಪ್ಲೇಯರಿನ ಮುಳ್ಳು ಕತ್ತಲಲ್ಲಿ ಸರಿಯಾದ ಗೆರೆಗೆ ಬೀಳಬೇಕು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂತ ಇನ್ನೊಬ್ಬ, ಎಲೆಕ್ಟ್ರಾನಿಕ್ಸ್ ಓದಿದ ಹುಡುಗ, ರೆಕಾರ್ಡಿನ ಮೇಲೆ ಕ್ರೇಯಾನಿನಲ್ಲಿ ಗುರುತು ಹಾಕಿ ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕು ಅಂತ ಲೆಕ್ಕ ಇಟ್ಟ. ಕೇಳುಗರಿಗೆ ಗೊತ್ತಾಗದ ಹಾಗೆ ತಾನೊಬ್ಬನೇ ಹೆಡ್‌ಫೋನಿನಲ್ಲಿ ಮುಂಚೆ ಕೇಳಿಕೊಳ್ಳಲು ಸ್ವಿಚ್ಚು ಕೂರಿಸಿಕೊಂಡ. ನಮ್ಮ ಮಾವ ಆಂಪ್ಲಿಫೈಯರ್ ಬಿಚ್ಚಿಟ್ಟು ಕೂರುತ್ತಿದ್ದದ್ದು ನನಗೆ ನೆನಪಾಗುವುದು ಇಲ್ಲೇ. ವಾದ್ಯ ಕೊಳ್ಳಲು ದುಡ್ಡಿಲ್ಲದವರು, ಹಾಡು ಕೇಳಿಸುವ ಮೆಷಿನ್ನನ್ನೇ ವಾದ್ಯ ಮಾಡಿಕೊಂಡರು.

ಆ ಬ್ರಾಂಕ್ಸ್ ಆಗ ಹೇಗಿತ್ತು ಅಂತ ಮೊಮ್ಮಗನ ಜೊತೆ ಕೂತು ಹಳೇ ಫೋಟೋ ನೋಡಿ. ಊರಿನ ಮಧ್ಯೆ ಸೀಳಿಕೊಂಡು ಹೆದ್ದಾರಿ ಹೋಗಿತ್ತು. ಎಷ್ಟೋ ಮನೆಗೆ ಬೆಂಕಿ ಬಿದ್ದಿತ್ತು, ಕೆಲವಕ್ಕೆ ವಿಮೆ ದುಡ್ಡಿಗಾಗಿ ಮಾಲೀಕರೇ ಇಡಿಸಿದ್ದರು. 1975ರಲ್ಲಿ ನ್ಯೂಯಾರ್ಕ್ ನಗರವೇ ದಿವಾಳಿ ಅಂಚಿಗೆ ಬಂದಿತ್ತು. ಪಾರ್ಕಿನಲ್ಲಿ ಪಾರ್ಟಿ ಮಾಡಲು ಬೀದಿದೀಪದ ಕಂಬದಿಂದ ಕರೆಂಟು ಎಳೆಯುತ್ತಿದ್ದರು. (ನಾವು ಜಾತ್ರೆಯಲ್ಲಿ ಹಾಗೆ ಮಾಡಿಲ್ಲ ಅಂತ ಪ್ರಮಾಣ ಮಾಡಲಾರೆ.)

ಮಾತು ಬಂದದ್ದು ಆಮೇಲೆ. ಮೊದಲು ಡಿಜೆ ಪಕ್ಕ ಮೈಕು ಹಿಡಿದವನು ಸುಮ್ನೆ ಗೆಳೆಯರ ಹೆಸರು ಕೂಗುತ್ತಿದ್ದ, ಕುಣಿಯಿರೋ ಅನ್ನುತ್ತಿದ್ದ. ಆಮೇಲೆ ಒಂದು ಸಾಲು ಎರಡಾಯಿತು, ಎರಡು ನಾಲ್ಕಾಯಿತು. 1982ರಲ್ಲಿ ಫ್ಲ್ಯಾಶ್ ತಂಡದ ಹೆಸರಿನಲ್ಲಿ ಒಂದು ಹಾಡು ಬಂತು. ಅದರಲ್ಲಿ ಪಾರ್ಟಿ ಇರಲಿಲ್ಲ, ಆ ಬೀದಿಯ ಬದುಕೇ ಇತ್ತು. ಆಗ ಊರಿಗೆಲ್ಲ ಕೇಳಿಸಿತು.

ಈಗ ನಿಮ್ಮ ಬೆರಳಿನ ಲೆಕ್ಕಕ್ಕೆ ಬರೋಣ. ನಾಲ್ಕು ಚಪ್ಪಾಳೆ ಹಾಕಿ. ಒಂದು, ಎರಡು, ಮೂರು, ನಾಲ್ಕು. ಅದು ಒಂದು ಬಾರ್. ಸಾಮಾನ್ಯವಾಗಿ ಅಂಥ 16 ಬಾರ್ ಸೇರಿದರೆ ಒಂದು ಚರಣ. ಮೊದಮೊದಲು ರ‍್ಯಾಪ್ ಮಾಡುತ್ತಿದ್ದವರು ಪ್ರಾಸವನ್ನು ಸಾಲಿನ ಕೊನೆಗೆ, ನಾಲ್ಕನೇ ಚಪ್ಪಾಳೆಗೆ ತಂದು ಕೂರಿಸುತ್ತಿದ್ದರು. ನಾನೇ ಕಟ್ಟಿದ್ದು, ನಗಬೇಡಿ:

*ಮುಂಜಾನೆ ಎದ್ದು ನಾ ನಿಂತೆ ಸ್ಟ್ಯಾಂಡಿನಾಗ*
*ಬಸ್ಸೊಂದು ಬರಲಿಲ್ಲ ಇಡೀ ಊರಿನಾಗ*

ಇದು ಕೇಳಲು ಚೆನ್ನಾಗಿದೆ. ಆದರೆ ಮುಂದೆ ಏನು ಬರುತ್ತದೆ ಅಂತ ಕಿವಿಗೆ ಮೊದಲೇ ಗೊತ್ತು. 1980ರ ದಶಕದ ಮಧ್ಯದಲ್ಲಿ ರಾಕಿಮ್ ಅಂತ ಒಬ್ಬ ಬಂದ. ಚಿಕ್ಕವನಿದ್ದಾಗ ಸ್ಯಾಕ್ಸೊಫೋನ್ ನುಡಿಸಿದವನು, ಜಾನ್ ಕೋಲ್ಟ್ರೇನ್ ಅವರ ಜಾಝ್ ಕೇಳಿದವನು. ಎಲ್ಲರೂ ಕೂಗುತ್ತಿದ್ದಾಗ ಇವನು ದನಿ ತಗ್ಗಿಸಿದ. ಪ್ರಾಸವನ್ನು ಸಾಲಿನ ಕೊನೆಯಿಂದ ಬಿಡಿಸಿ ಒಳಗೆಲ್ಲ ಚೆಲ್ಲಿದ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಅಂತಲೇ ತಿಳಿಯುವುದಿಲ್ಲ. ಅದೇ ಬಸ್ಸು, ಅದೇ ಸ್ಟ್ಯಾಂಡು, ಅವನ ದಾರಿಯಲ್ಲಿ ಹೇಳಿದರೆ:

*ಟಿಕೀಟಿಗೆ ರೊಕ್ಕಿಲ್ಲ, ಹಕ್ಕಿಲ್ಲ ಸೀಟಿಗೆ*
*ಪಕ್ಕದವ ನಕ್ಕ, ನಾ ಸಿಕ್ಕೊಂಡೆ ಗೇಟಿಗೆ*

ಚಪ್ಪಾಳೆ ಹಾಕುತ್ತಾ ಜೋರಾಗಿ ಹೇಳಿ ನೋಡಿ. ರೊಕ್ಕ, ಹಕ್ಕು, ಪಕ್ಕ, ನಕ್ಕ, ಸಿಕ್ಕ. ಒಂದಾದ ಮೇಲೆ ಒಂದು ಬಂದು ಬಡಿಯುತ್ತದೆ. ಟಿಕೀಟು, ಸೀಟು, ಗೇಟು ಮಾತ್ರ ದೂರ ದೂರ ನಿಂತು ಇಡೀ ಸಾಲನ್ನು ಹಿಡಿದುಕೊಂಡಿವೆ. ಈಗ ಇನ್ನೊಂದು ಸಲ ಹೇಳಿ. ಈ ಸಲ "ಸಿಕ್ಕೊಂಡೆ" ಅನ್ನುವುದನ್ನು ಮೂರನೇ ಚಪ್ಪಾಳೆ ಬಿದ್ದ ಮೇಲೆ, ಕೂದಲೆಳೆಯಷ್ಟು ತಡ ಮಾಡಿ ಹೇಳಿ. ಗೇಟಿನಲ್ಲಿ ಅಂಗಿ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ ಅಲ್ವಾ? ಮಾತು ಬದಲಾಗಿಲ್ಲ, ಜಾಗ ಬದಲಾಯಿತು ಅಷ್ಟೇ. ರಾಗ ಎಲ್ಲಿ ಅಂತ ಕೇಳಿದ್ರಿ. ರಾಗ ಮಾಡುವ ಕೆಲಸವನ್ನು ಇಲ್ಲಿ ಈ ಜಾಗ ಮಾಡುತ್ತದೆ.

ಡೆಟ್ರಾಯಿಟಿನ ಜೆ ಡಿಲ್ಲಾ ಇದನ್ನೇ ಡ್ರಮ್ಮಿನಲ್ಲಿ ಮಾಡಿದವರು. ಎಂಪಿಸಿ ಅಂತ ಒಂದು ಮೆಷಿನ್ನು, ಚೌಕ ಚೌಕ ಗುಂಡಿಗಳಿರುತ್ತವೆ. ಬೆರಳಲ್ಲಿ ಬಡಿದರೆ ಸದ್ದು ಬರುತ್ತದೆ. ನಿಮ್ಮ ಬೆರಳು ಚೂರು ತಪ್ಪಿದರೂ ಮೆಷಿನ್ನೇ ಸರಿಯಾದ ಜಾಗಕ್ಕೆ ಎಳೆದು ಕೂರಿಸುತ್ತದೆ. ಡಿಲ್ಲಾ ಆ ಸೌಕರ್ಯವನ್ನು ಎಷ್ಟೋ ಕಡೆ ಬೇಡ ಅಂದರು. ಅದಕ್ಕೇ ಅವರ ಡ್ರಮ್ಮು ಸ್ವಲ್ಪ ತೂಕಡಿಸಿದ ಹಾಗೆ ನಡೆಯುತ್ತದೆ, ಬೀಳುವುದಿಲ್ಲ. 2006ರಲ್ಲಿ ತೀರಿಕೊಂಡರು, ವಯಸ್ಸು 32. ಕೊನೆಯ ಆಲ್ಬಂ ಬಂದು ಮೂರೇ ದಿನ ಆಗಿತ್ತು. ಅವರ ಎಂಪಿಸಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ನನಗೆ ಅಮೆರಿಕದಲ್ಲಿ ನೋಡಬೇಕು ಅಂತ ಇರುವುದು ಅದೊಂದೇ.

ಎತ್ತಿದ್ದು, ಕದ್ದಿದ್ದು ಅಂದ್ರಲ್ಲ, ಅದು ಕೋರ್ಟಿಗೂ ಹೋಗಿತ್ತು. 1991ರಲ್ಲಿ ನ್ಯೂಯಾರ್ಕಿನ ಒಬ್ಬ ಜಡ್ಜು "ಕದಿಯಬೇಡ" ಅನ್ನುವ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಲ್ಲಿಂದ ಮುಂದೆ ಕೇಳಿ, ದುಡ್ಡು ಕೊಟ್ಟು ಬಳಸಬೇಕಾಯಿತು. ಬರೆದವನಿಗೆ ದುಡ್ಡು ಹೋಗಬೇಕಾದದ್ದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಎರಡು ಸೆಕೆಂಡಿನ ಚೂರನ್ನು ಆರಿಸುವುದು, ಕತ್ತರಿಸುವುದು, ನಿಧಾನ ಮಾಡುವುದು, ತಲೆಕೆಳಗು ಮಾಡಿ ಜೋಡಿಸುವುದು, ಅದನ್ನು ಕಳ್ಳತನ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಅವ್ವ ಹಳೇ ಸೀರೆ ತುಂಡಿನಲ್ಲಿ ಕೌದಿ ಹೊಲಿಯುತ್ತಾಳೆ. ಬಟ್ಟೆ ನೇಯ್ದವಳು ಅವಳಲ್ಲ. ಕೌದಿ ಅವಳದೇ.

ಕೊನೆಗೆ ಒಂದು ಕಸುಬಿನ ಮಾತು. ಫೋನಿನ ಸ್ಪೀಕರಿನಲ್ಲಿ, ಟೀವಿಯಲ್ಲಿ ಕೇಳಬೇಡಿ. ಕೆಳಗಿನ ದನಿ, ಅಂದರೆ ಬೇಸ್, ಅದರಲ್ಲಿ ಬರುವುದೇ ಇಲ್ಲ, ಬರೀ ಡಬ್ಬ ಉಳಿಯುತ್ತದೆ. ನೀವು ಕೇಳಿದ ಡಬ್ಬ ಅದೇ ಇರಬೇಕು. ಮೊಮ್ಮಗನ ಒಳ್ಳೆ ಹೆಡ್‌ಫೋನ್ ಇಸ್ಕೊಂಡು ಕೇಳಿ.

ನೈಟ್ ಶಿಫ್ಟ್:

ಕೇಬಲ್ ಅಣ್ಣ, ಚೆನ್ನಾಗಿ ಬರೆದಿದ್ದೀರಿ. ಕೌದಿ ಮಾತಂತೂ ಇಷ್ಟ ಆಯಿತು. ಆದರೆ ನೀವು ಒಂದು ವಿಷಯ ಜಾಣತನದಿಂದ ಬಿಟ್ಟಿದ್ದೀರಿ. ಮೇಷ್ಟ್ರು ಮೊದಲು ಹೇಳಿದ್ದೇ ಬೈಗುಳದ ವಿಷಯ.

ನಾನು ರಾತ್ರಿ ಪಾಳಿ ಕೆಲಸದವಳು. ನಾಲ್ಕು ವರ್ಷ ಕಂಪನಿ ಕ್ಯಾಬಿನಲ್ಲಿ ಓಡಾಡಿದ್ದೇನೆ. ಬೆಳಗಿನ ಜಾವ ಮೂರೂವರೆ ಗಂಟೆ, ಗಾಡಿಯಲ್ಲಿ ನಾನೊಬ್ಬಳೇ ಹೆಂಗಸು, ಜೊತೆಗೆ ಮೂರು ಜನ ಗಂಡಸರು. ಅವರಲ್ಲೊಬ್ಬ ದಿನಾ ರ‍್ಯಾಪ್ ಹಾಕುತ್ತಿದ್ದ. ನನಗೆ ಇಂಗ್ಲಿಷ್ ಅರ್ಥ ಆಗುತ್ತದೆ, ಅದೇ ಕಷ್ಟ. ಹೆಣ್ಣಿಗೆ ಎಷ್ಟು ಕೆಟ್ಟ ಹೆಸರುಗಳಿವೆಯೋ ಎಲ್ಲ ಒಂದೇ ಹಾಡಿನಲ್ಲಿ. ಬದಲಾಯಿಸಿ ಅಂದೆ. "ಅಯ್ಯೋ, ಸಾಹಿತ್ಯ ಯಾರು ಕೇಳ್ತಾರೆ, ಬೀಟ್ ಕೇಳಿ" ಅಂದ. ಅವತ್ತಿನಿಂದ ನಂದು ಒಂದೇ ಪ್ರಶ್ನೆ. ಒಂದು ಕಡೆ ಇದು ಮಾತಿನ ಕಲೆ, ಒಂದೊಂದು ಅಕ್ಷರಕ್ಕೂ ಲೆಕ್ಕ ಇದೆ ಅಂತೀರಿ. ಇನ್ನೊಂದು ಕಡೆ ಮಾತಿಗೆ ಗಮನ ಕೊಡಬೇಡಿ ಅಂತೀರಿ. ಯಾವುದಾದರೂ ಒಂದು ಹೇಳಿ.

ಹೊರಗಿನವರು ಮಾತ್ರ ಹೀಗೆ ಹೇಳುವುದು ಅಂದ್ಕೋಬೇಡಿ. 1990ರ ದಶಕದಲ್ಲಿ ಗ್ಯಾಂಗ್‌ಸ್ಟಾ ರ‍್ಯಾಪ್ ವಿರುದ್ಧ ಜೋರಾಗಿ ನಿಂತವರು ಸಿ. ಡೆಲೋರೆಸ್ ಟಕ್ಕರ್. ಮಾರ್ಟಿನ್ ಲೂಥರ್ ಕಿಂಗ್ ಜೊತೆ ಹೆಜ್ಜೆ ಹಾಕಿದ್ದ ಕಪ್ಪು ಹೆಂಗಸು. ರ‍್ಯಾಪ್ ಒಳಗಿನಿಂದಲೇ ಕ್ವೀನ್ ಲತೀಫಾ 1993ರಲ್ಲಿ ಆ ಹೆಸರುಗಳಿಂದ ಕರೆಯುವವರಿಗೆ ನೇರವಾಗಿ ತಿರುಗಿ ಕೇಳಿದರು. ಆ ಹಾಡಿಗೆ ಗ್ರ್ಯಾಮಿ ಬಂತು. ಲಾರಿನ್ ಹಿಲ್ ಅವರ ಆಲ್ಬಂ 1999ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಗೆದ್ದಿತು, ರ‍್ಯಾಪ್ ಸೇರಿರುವ ಹಿಪ್‌ಹಾಪ್‌ಗೆ ಅದೇ ಮೊದಲು. ಹಾಗಾದರೆ ಆಗುತ್ತದೆ ಅಂತಾಯ್ತಲ್ಲ, ಬೈಯದೆ.

ಸೋಜಿಗ ಅಂದರೆ, ಇದನ್ನೆಲ್ಲ ಹುಡುಕಿ ಓದಲು ಹೋಗಿ ನಾನೇ ಲಾರಿನ್ ಹಿಲ್ ಅಭಿಮಾನಿ ಆದೆ. ಈಗ ಕ್ಯಾಬಿನಲ್ಲಿ ನನ್ನ ಕಿವಿಯಲ್ಲೂ ಅದೇ. ಆದರೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೇನೆ, ಪಕ್ಕದವರ ಮೇಲೆ ಹೇರುವುದಿಲ್ಲ.

ಕೇಬಲ್ ಸುತ್ತುವವ:

ಅಕ್ಕಾ, ಜಾಣತನ ಅಲ್ಲ, ಹೆದರಿಕೆ. ನೀವು ಹೇಳಿದ್ದು ಸರಿ. ನನ್ನ ತಂಗಿ ಮುಂದೆ ಹಾಕಲಾರದ ಹಾಡು ನನ್ನ ಫೋನಿನಲ್ಲೂ ಇವೆ. ಅದರ ಕಸುಬು ಚೆನ್ನಾಗಿದೆ, ಮಾತು ಹೊಲಸು. ಕಸುಬು ಚೆನ್ನಾಗಿದ್ದಷ್ಟೂ ಹೊಲಸು ಜಾಸ್ತಿ ಹೊತ್ತು ಬಾಯಲ್ಲಿ ಉಳಿಯುತ್ತದೆ, ಅದೂ ನಿಜ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದೇ ಒಂದು ಮಾತು ಸೇರಿಸುತ್ತೇನೆ, ಸಮರ್ಥನೆ ಅಲ್ಲ. ಹಾಡಿನಲ್ಲಿ "ನಾನು ಹೊಡೆದೆ, ನಾನು ಮಾರಿದೆ" ಅಂದರೆ ಅದು ಹಾಡಿದವನೇ ಆಗಬೇಕಿಲ್ಲ. ನಾಟಕದಲ್ಲಿ ದುಶ್ಶಾಸನನ ಪಾತ್ರ ಮಾಡಿದವನನ್ನು ಮರುದಿನ ಪೊಲೀಸರು ಹಿಡಿಯುವುದಿಲ್ಲ. ಆದರೆ ಅಮೆರಿಕದ ಕೋರ್ಟುಗಳಲ್ಲಿ ರ‍್ಯಾಪ್ ಸಾಲುಗಳನ್ನು ಸಾಕ್ಷಿಯಾಗಿ ಓದಿದ್ದುಂಟು. ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನೇ ಮಾಡಿತು.

ದೋಸೆ ಪ್ರಿಯ:

ಬಸ್ಸಿನ ಸಾಲು ಮಾತ್ರ ಚೆನ್ನಾಗಿದೆ. ಕಗ್ಗದ ವಿಷಯ ಹಿಂದಕ್ಕೆ ತಗೊಳ್ಳಲ್ಲ.

ನಿವೃತ್ತ ಮೇಷ್ಟ್ರು:

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಥ್ಯಾಂಕ್ಸ್. ನೈಟ್ ಶಿಫ್ಟ್ ತಾಯಿ, ನಿಮ್ಮ ಪ್ರಶ್ನೆಯನ್ನು ಹಾಗೇ ಮೊಮ್ಮಗನ ಮುಂದೆ ಇಟ್ಟೆ. ತಲೆ ತಗ್ಗಿಸಿದ. ಮೂರು ಹಾಡು ತೆಗೆದುಹಾಕಿದ್ದೇನೆ ಅಂತ ಸಂಜೆ ಬಂದು ಹೇಳಿದ. ಎಷ್ಟು ಉಳಿಸಿಕೊಂಡಿದ್ದಾನೋ, ಕೇಳಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೆಳಗಿನ ದನಿ ಕಿವಿಗಲ್ಲ, ಎದೆಗೆ ಕೇಳಿಸುತ್ತದೆ. ಡಬ್ಬ ಅಂದದ್ದನ್ನು ವಾಪಸ್ ತಗೊಂಡೆ. ರಾಕಿಮ್ ಹೇಳುವುದು ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಪ್ರಾಸ ಒಳಗೆ ಓಡಾಡುವುದು ತಿಳಿಯಿತು. ದುಡ್ಡಿನ ಜಂಬದ ಹಾಡು ಈಗಲೂ ನನಗೆ ಸೇರುವುದಿಲ್ಲ.

ಆದರೆ ಜಂಬದಲ್ಲೂ ಎರಡು ಥರ ಇದೆ ಅಂತ ಗೊತ್ತಾಯಿತು. ಜೇ-ಝೀ ಅನ್ನುವವನು ಹಾಳೆಯ ಮೇಲೆ ಬರೆಯದೆ ತಲೆಯಲ್ಲೇ ಕಟ್ಟಿ ಹೇಳುತ್ತಾನೆ, ಅದೇ ಅವನ ಹೆಮ್ಮೆ ಅಂತ ಮೊಮ್ಮಗ ಹೇಳಿದ. ನಾನು ಕಾಫಿ ಲೋಟ ಕೆಳಗಿಟ್ಟೆ. ಹಲಗೆ ಬಳಪ ಹಿಡಿಯದವನು ನಾನು, ಇಟ್ಟ ಪದ ಅಳಿಸದವನು ನಾನು, ಇನ್ನೊಬ್ಬರ ದಾರಿ ಹಿಡಿಯದವನು ನಾನು ಅಂತ ಕಾವ್ಯದ ಶುರುವಿನಲ್ಲೇ ತನ್ನ ಅಗ್ಗಳಿಕೆ ಹೇಳಿಕೊಂಡವನು ಯಾರು? ಕುಮಾರವ್ಯಾಸ. ಕೇಬಲ್ ಅವರೇ, ನಿಮ್ಮ ಗದುಗಿನವನು! ಆ ಪದ್ಯವನ್ನು 31 ವರ್ಷ ಮೆಚ್ಚಿ ಮೆಚ್ಚಿ ಪಾಠ ಮಾಡಿದ್ದೇನೆ. ಮೊಮ್ಮಗನಿಗೆ ಅದನ್ನು ಹೇಳಿ ಅರ್ಥ ಬಿಡಿಸಿದೆ. "ತಾತ, ಇವರು ಯಾರಿಗೆ ಹೇಳ್ತಿರೋದು? ಎದುರಿಗೆ ಯಾರಿದ್ರು?" ಅಂದ. 31 ವರ್ಷದಲ್ಲಿ ಒಂದು ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ.

ಹೋದ ಭಾನುವಾರ ಅಳಿಯಂದಿರು ಸೆಡ್ಜ್‌ವಿಕ್ ಅವೆನ್ಯೂಗೆ ಕರೆದುಕೊಂಡು ಹೋದರು. ಎತ್ತರದ ಸಾದಾ ಕಟ್ಟಡ, ಪಕ್ಕದಲ್ಲೇ ಹೆದ್ದಾರಿ, ನಿಲ್ಲದ ಗಾಡಿ ಸದ್ದು. ಜನ ಬಟ್ಟೆ ಗಂಟು ಹೊತ್ತುಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದರು. ಒಬ್ಬ ಹೆಂಗಸು ನಮ್ಮನ್ನು ನೋಡಿ, ಇನ್ನೊಂದು ಗುಂಪು ಬಂತು ಅನ್ನುವ ಹಾಗೆ ನಕ್ಕು ಹೋದರು. ಹುಡುಗ ಫೋಟೋ ತೆಗೆದುಕೊಂಡ. ಐದು ನಿಮಿಷವೂ ನಿಲ್ಲಲಿಲ್ಲ, ಪಾರ್ಕಿಂಗ್ ಇರಲಿಲ್ಲ.

ಕಾರಿನಲ್ಲಿ ವಾಪಸ್ ಬರುತ್ತಾ ಕೇಬಲ್ ಅವರ ಸಾಲುಗಳಿಗೆ ಪ್ರಸ್ತಾರ ಹಾಕಿದೆವು. ಲಘು ಗುರು ಹೇಗೆ ಗುರುತಿಸುವುದು ಅಂತ ಹೇಳಿಕೊಟ್ಟೆ, ಹತ್ತು ನಿಮಿಷದಲ್ಲಿ ಕಲಿತ. ನಿಮ್ಮ ಎರಡನೇ ಜೋಡಿ ನೋಡಿ: ಟಿಕೀಟಿಗೆ ಐದು, ರೊಕ್ಕಿಲ್ಲ ಐದು, ಹಕ್ಕಿಲ್ಲ ಐದು, ಸೀಟಿಗೆ ನಾಲ್ಕು. ಕೆಳಗಿನ ಸಾಲೂ ಹಾಗೇ, ಐದು, ಐದು, ಐದು, ನಾಲ್ಕು. ಒಟ್ಟು 19 ಮಾತ್ರೆ, ಎರಡೂ ಕಡೆ. ಬೇಕಂತ ಮಾಡಿದ್ದೋ, ಕಿವಿಯೇ ಮಾಡಿಸಿತೋ? ಇನ್ನು ಆ ರೊಕ್ಕ, ಹಕ್ಕು, ಪಕ್ಕ. ಎರಡನೇ ಅಕ್ಷರದಲ್ಲಿ ಕೂತ ದಡ್ಡಕ್ಕರ, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತು. ನಮ್ಮವರು ಅದಕ್ಕೆ ಹಯಪ್ರಾಸ ಅಂತ ಹೆಸರಿಟ್ಟು ಎಷ್ಟೋ ಶತಮಾನ ಆಯಿತು. ಹಯ ಅಂದರೆ ಕುದುರೆ ಅಂದೆ. ಹುಡುಗನಿಗೆ ಆ ಹೆಸರು ಎಷ್ಟು ಹಿಡಿಸಿತು ಅಂದರೆ, ಈಗ ಹಾಡು ಕೇಳುವಾಗ ಅಂಥದ್ದು ಬಂದರೆ "ತಾತ, ಕುದುರೆ!" ಅಂತ ಕೂಗುತ್ತಾನೆ.

ಆದರೆ ನಿಮ್ಮ ಮೊದಲನೇ ಜೋಡಿಯಲ್ಲಿ ಒಂದು ತಪ್ಪಿದೆ, ಹೇಳಲೇಬೇಕು. "ನಿಂತೆ ಸ್ಟ್ಯಾಂಡಿನಾಗ" ಅನ್ನುವಲ್ಲಿ "ತೆ" ಮುಂದೆ ಒತ್ತಕ್ಷರ ಬಂದಿದೆ. ಹಾಗಾಗಿ ಅದು ಗುರು. ಮೇಲಿನ ಸಾಲು 20, ಕೆಳಗಿನದು 19. ಒಂದು ಮಾತ್ರೆ ಜಾಸ್ತಿ. ಮೊಮ್ಮಗನಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ತೋರಿಸಿದೆ. ಅವನು ಮೇಜು ಕುಟ್ಟುತ್ತಾ ನಾಲ್ಕೈದು ಸಲ ಹೇಳಿಕೊಂಡ. ಆಮೇಲೆ, "ಏನೂ ಆಗಲ್ಲ ತಾತ, ಸ್ಟ್ಯಾಂಡ್ ಅನ್ನೋದನ್ನ ಸ್ವಲ್ಪ ಲೇಟಾಗಿ ಹೇಳಿದರೆ ಸರಿಹೋಗುತ್ತೆ, ಹೇಗೂ ಬಸ್ಸು ಬಂದಿಲ್ವಲ್ಲ" ಅಂದ.